ಡಬಲ್ ಲೇಯರ್ ಕೊನೆಗೂ ಗ್ರಿಡ್ ಬಿಟ್ಟು ನಡುವೆ ನಿಂತಿತು

ಪ್ಲಾಸ್ಮಾದೊಳಗೆ ಧನ ಮತ್ತು ಋಣ ವಿದ್ಯುದಂಶದ ಎರಡು ಪದರಗಳು ಪಕ್ಕಪಕ್ಕ ನಿಂತು, ನಡುವೆ ವೋಲ್ಟೇಜ್ ಥಟ್ಟನೆ ಇಳಿಯುವುದೇ ಡಬಲ್ ಲೇಯರ್. "ಅದು ಡಬಲ್ ಲೇಯರ್ ಅಲ್ಲ, ಗ್ರಿಡ್ ಮುಂದಿನ ಶೀತ್ (ಲೋಹಕ್ಕೆ ಅಂಟಿದ ವಿದ್ಯುದಂಶದ ಪದರ)" ಅಂದವರಿಗೆ ಈಗ ಪ್ರೋಬ್ ಗ್ರಾಫ್ ತೋರಿಸಿದರೆ ಸಾಕು. ಎರಡು ತುದಿಯ ಪ್ಲಾಸ್ಮಾ ಸೋರ್ಸುಗಳಿಂದ ಗ್ರಿಡ್ (ಲೋಹದ ಜಾಲರಿ) ಬೇರ್ಪಡಿಸಿದ 60 ಸೆಂ.ಮೀ. ನಡುಚೇಂಬರಿನಲ್ಲಿ, ಎರಡೂ ಗ್ರಿಡ್‌ಗಳಿಂದ ಗೇಣಿಗಿಂತ ದೂರದಲ್ಲಿ, 14 ವೋಲ್ಟ್ ಆಸುಪಾಸಿನ ಇಳಿತ. ದಪ್ಪ ಮೂರ್ನಾಲ್ಕು ಸೆಂ.ಮೀ. ಎಲೆಕ್ಟ್ರಾನ್ ತಾಪ 2 ಇವಿ (ಎಲೆಕ್ಟ್ರಾನ್ ವೋಲ್ಟ್), ಸಾಂದ್ರತೆ ಘನ ಸೆಂ.ಮೀ.ಗೆ 10⁸, ಅಂದರೆ ಡಿಬೈ ಉದ್ದ (ಪ್ಲಾಸ್ಮಾ ಒಂದು ವಿದ್ಯುದಂಶದ ಪ್ರಭಾವವನ್ನು ಮರೆಮಾಡುವ ದೂರ) 1 ಮಿ.ಮೀ. ಅಂತರಿಕ್ಷದಲ್ಲಿ ಗ್ರಿಡ್ ಎಲ್ಲಿದೆ? ಧ್ರುವಪ್ರಭೆಯ ಕೆಳಮುಖ ಕರೆಂಟಿನ ಪ್ರದೇಶದಲ್ಲಿ ನಾಸಾದ ಫಾಸ್ಟ್ (FAST) ಉಪಗ್ರಹ ಕಂಡ ಲೇಯರ್‌ಗಳಿಗೆ ಹೋಲಿಸಬೇಕಾದರೆ ಪದರ ಹೀಗೆ ತಾನಾಗಿ ನಿಲ್ಲಲೇಬೇಕು.

ಹೆಚ್ಚು ದಿನ ಹಾಳಾಗಿದ್ದು ಕರೆಂಟು ಏರಿಸಿಯೇ. ಬಯಾಸ್ (ಎರಡು ಕಡೆಗಳ ನಡುವೆ ಕೊಡುವ ವೋಲ್ಟೇಜ್) ಏರಿಸಿದಷ್ಟೂ ಪದರ ಹೆಚ್ಚು ವೋಲ್ಟೇಜಿನ ಕಡೆ ಓಡಿ ಗ್ರಿಡ್‌ಗೆ ಅಂಟಿಕೊಳ್ಳುತ್ತಿತ್ತು. ಆರ್ಗಾನ್‌ನಲ್ಲಿ ಪದರ ನಿಲ್ಲಲು ಎಲೆಕ್ಟ್ರಾನ್ ಕರೆಂಟು ಅಯಾನ್ ಕರೆಂಟಿನ ಸುಮಾರು 270 ಪಟ್ಟು ಇರಬೇಕು. ಅಯಾನ್ ಸಾಲದಿದ್ದರೆ ಪದರ ಅಯಾನ್ ಇರುವ ಕಡೆಗೇ ಸರಿಯುತ್ತದೆ. ಎಲೆಕ್ಟ್ರಾನ್ ಕಡೆ ಕೈಬಿಟ್ಟು ಹೆಚ್ಚು ವೋಲ್ಟೇಜಿನ ಸೋರ್ಸಿನ ಡಿಸ್ಚಾರ್ಜನ್ನು 40ರಿಂದ 90 ಮಿಲಿಆಂಪ್‌ವರೆಗೆ ತಂದ ಮೇಲೆ ಪದರ ಗ್ರಿಡ್ ಬಿಟ್ಟಿತು. ಅಷ್ಟರಲ್ಲಿ ಡಿಸ್ಚಾರ್ಜ್ ನಡೆಸುವ 0.25 ಮಿ.ಮೀ. ಟಂಗ್‌ಸ್ಟನ್ ಫಿಲಮೆಂಟುಗಳು ಹತ್ತು-ಹನ್ನೆರಡು ಸುಟ್ಟಿದ್ದವು. ತಂತಿಯ ಖರ್ಚು ಎರಡು-ಮೂರು ಸಾವಿರ, ಪ್ರತಿ ಸಲ ಚೇಂಬರ್ ತೆರೆದು ಮತ್ತೆ ವ್ಯಾಕ್ಯೂಮ್ ಎಳೆಯುವ ಎರಡು ದಿನ ಬೇರೆ.

ಒತ್ತಡ 5×10⁻⁴ ಮಿಲಿಬಾರ್ ಇದ್ದಾಗ ಇನ್ನೊಂದು ಕಾಟ. ಇಳಿತ 16 ವೋಲ್ಟ್ ದಾಟಿದೊಡನೆ ಹೆಚ್ಚು ವೋಲ್ಟೇಜಿನ ಕಡೆ ಬೆಳಗುವ ಗೋಲ. ಆರ್ಗಾನ್ 15.76 ಇವಿಗೆ ಅಯಾನೀಕರಿಸುತ್ತದೆ, ಪದರ ದಾಟಿದ ಎಲೆಕ್ಟ್ರಾನ್‌ಗಳೇ ಹೊಸ ಪ್ಲಾಸ್ಮಾ ಮಾಡುತ್ತವೆ. ನೋಡಲು ಚೆಂದ, ಲೆಕ್ಕಕ್ಕೆ ಪ್ರಯೋಜನವಿಲ್ಲ. ಒತ್ತಡವನ್ನು 1×10⁻⁴ ಮಿಲಿಬಾರ್‌ಗೆ ಇಳಿಸಿದೆ.

ಎಮಿಸಿವ್ ಪ್ರೋಬ್ (ಕಾಯಿಸಿದಾಗ ಎಲೆಕ್ಟ್ರಾನ್ ಹೊರಸೂಸಿ ಪ್ಲಾಸ್ಮಾದ ವೋಲ್ಟೇಜ್ ಅಳೆಯುವ ತಂತಿಯ ಲೂಪ್) ಕೂಡ ಮೋಸ ಮಾಡುತ್ತದೆ. ಕಡಿಮೆ ಕಾಯಿಸಿದರೆ ಓದಿಕೆ ಕೆಲವು ವೋಲ್ಟ್ ಕೆಳಗೆ. ಡಿಸಿಯಲ್ಲಿ ಕಾಯಿಸಿದರೆ ಲೂಪಿನ ಉದ್ದಕ್ಕೂ ಆಗುವ ವೋಲ್ಟೇಜ್ ಇಳಿತ ಗ್ರಾಫನ್ನು ಮಬ್ಬು ಮಾಡುತ್ತದೆ. ಅರ್ಧ-ತರಂಗ ಎಸಿ ಕೊಟ್ಟು, ಹೀಟಿಂಗ್ ಇಲ್ಲದ ಅರ್ಧದಲ್ಲಿ ಓದಿ. ಪದರ ಓಲಾಡುತ್ತಿದ್ದರೆ ಸರಾಸರಿ ತೆಗೆಯಲೇಬೇಡಿ, ಕಡಿದಾದ ಮೆಟ್ಟಿಲು ಇಳಿಜಾರಾಗಿ ಕಾಣುತ್ತದೆ. ಕರೆಂಟು ಕುಸಿಯುವ ಕ್ಷಣಕ್ಕೆ ಟ್ರಿಗರ್ ಇಟ್ಟು ಆಗಷ್ಟೇ ಸ್ಯಾಂಪಲ್ ತೆಗೆಯಿರಿ.

ಕುತೂಹಲಕ್ಕೆ ಹೀಲಿಯಂ ಹಾಕಿ ನೋಡಿದೆ. ಎಲೆಕ್ಟ್ರಾನ್-ಅಯಾನ್ ಕರೆಂಟಿನ ಅನುಪಾತ ಸುಮಾರು 85ಕ್ಕೆ ಇಳಿಯುತ್ತದೆ, ಅಂದರೆ ಅಯಾನ್ ಪಾಲು ಹೆಚ್ಚು ಬೇಕು. ಆದರೆ ಅಯಾನೀಕರಣ 24.6 ಇವಿಗೆ, ಗೋಲದ ಕಾಟ ತಡವಾಗಿ ಬರುತ್ತದೆ. 20 ವೋಲ್ಟ್ ದಾಟಿಸಿದೆ. ಸಿಲಿಂಡರ್ ಬೆಲೆ ಆರ್ಗಾನ್‌ನ ಹಲವು ಪಟ್ಟು, ಟರ್ಬೊ ಪಂಪ್ ಹೀಲಿಯಂ ಎಳೆಯಲು ಒದ್ದಾಡುತ್ತದೆ, ಹಾಗಾಗಿ ಮೂರೇ ದಿನ ಓಡಿಸಿ ಆರ್ಗಾನ್‌ಗೆ ಮರಳಿದೆ.