ಕಾಪಿಯರ್‌ನ ನೆಟ್‌ವರ್ಕ್ ಎರರ್ ಹೋಗಿಸಿದ ನನ್ನ ಅನುಭವ

ನಮ್ಮ ಆಫೀಸಿನ ಕಾಪಿಯರ್ ಪರದೆ ಮೇಲೆ ‘ನೆಟ್‌ವರ್ಕ್ ಎರರ್’ ಅಂತ ಬರತೊಡಗಿತ್ತು. ಆಫ್ ಮಾಡಿ ಆನ್ ಮಾಡಿದರೆ ಹೋಗುತ್ತಿತ್ತು, ಸ್ವಲ್ಪ ಹೊತ್ತಿಗೆ ಮತ್ತೆ ಬರುತ್ತಿತ್ತು. ಗಾಜಿನ ಮೇಲೆ ಹಾಳೆ ಇಟ್ಟರೆ ಕಾಪಿ ಚೆನ್ನಾಗಿಯೇ ಬರುತ್ತಿತ್ತು. ಕಂಪ್ಯೂಟರಿನಿಂದ ಪ್ರಿಂಟ್ ಕೊಟ್ಟರೆ ಮಾತ್ರ ಇಲ್ಲ. ಅಂದರೆ ಮಷಿನ್ ಕೆಟ್ಟಿಲ್ಲ, ತೊಂದರೆ ದಾರಿಯಲ್ಲಿದೆ.

ಮೊದಲು ಹಿಂದಿನ ಕೇಬಲ್ ನೋಡಿದೆ. ಕೇಬಲ್ ಸಿಕ್ಕಿಸುವ ಜಾಗದ ಪುಟ್ಟ ಲೈಟ್ ಉರಿಯುತ್ತಿತ್ತು. ಉರಿಯದಿದ್ದರೆ ಕೇಬಲ್ ಬದಲಿಸಿ ನೋಡಬೇಕು. ಕ್ಲಿಪ್ ಮುರಿದ ಕೇಬಲ್ ಸುಮ್ನೆ ಸಡಿಲವಾಗುತ್ತಿರುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಮಷಿನ್‌ಗಿರುವ ನಂಬರ್ ನೋಡಿದೆ. ಅದು 169.254 ಅಂತ ಶುರುವಾಗಿದ್ದರೆ ವಿಳಾಸ ಹಂಚುವ ರೂಟರ್ ಇದಕ್ಕೆ ಏನೂ ಕೊಟ್ಟಿಲ್ಲ, ಮಷಿನ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ನಮ್ಮದರಲ್ಲಿ 192.168.1.50 ಅಂತ ಸರಿಯಾಗಿಯೇ ಇತ್ತು. ಹಾಗಾದರೆ ಅದೇ ವಿಳಾಸ ಇನ್ನೊಂದು ಸಾಧನಕ್ಕೂ ಸಿಕ್ಕಿರಬಹುದು, ಅಲ್ವಾ?

ಇದನ್ನು ಪತ್ತೆ ಮಾಡುವುದು ಸುಲಭ. ಕಾಪಿಯರ್‌ನ ಕೇಬಲ್ ಕಿತ್ತು, ಕಂಪ್ಯೂಟರಿನಿಂದ ಆ ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ ಅಲ್ಲಿ ಯಾರಾದರೂ ಇದ್ದಾರಾ ಅಂತ ಕೇಳುವ ಸಣ್ಣ ಸಂದೇಶ ಕಳಿಸಿದೆ. ಕಾಪಿಯರ್ ಇಲ್ಲದಿದ್ದರೂ ಉತ್ತರ ಬಂತು! ಇಲ್ಲಿ ಒಂದು ಎಚ್ಚರ: ಉತ್ತರ ಯಾವ ವಿಳಾಸದಿಂದ ಬಂತು ಅಂತ ಓದಿ ನೋಡಿ. ವಿಂಡೋಸ್‌ನಲ್ಲಿ ‘ತಲುಪಲಾಗಲಿಲ್ಲ’ ಎಂಬ ಸಾಲು ನಮ್ಮದೇ ಕಂಪ್ಯೂಟರಿನ ಹೆಸರಲ್ಲೇ ಬರುತ್ತದೆ. ಅದನ್ನು ಉತ್ತರ ಅಂತ ಲೆಕ್ಕ ಹಿಡಿಯಬಾರದು.

ರೂಟರ್ ಯಾರಿಗೆ ಯಾವ ವಿಳಾಸ ಕೊಟ್ಟಿದೆ ಎಂಬ ಪಟ್ಟಿ ತೆರೆದಾಗ, 50ರಲ್ಲಿ ಕೊನೆಯಾಗುವ ಆ ವಿಳಾಸ ಒಂದು ಮೊಬೈಲ್ ಫೋನಿನ ಹತ್ತಿರ ಇತ್ತು. ಕಾಪಿಯರ್‌ಗೆ ಆ ವಿಳಾಸವನ್ನು ಹಿಂದೆ ಕೈಯಲ್ಲೇ ಬರೆದಿಟ್ಟಿದ್ದರು. ರೂಟರ್‌ಗೆ ಅದು ಗೊತ್ತಿಲ್ಲ. ಖಾಲಿ ಇದೆ ಅಂದುಕೊಂಡು ವೈಫೈಗೆ ಬಂದ ಫೋನಿಗೆ ಕೊಟ್ಟುಬಿಟ್ಟಿದೆ. ಒಂದೇ ಸೀಟಿಗೆ ಎರಡು ಟಿಕೆಟ್ ಕೊಟ್ಟ ಹಾಗೆ.

ಕಾಪಿಯರ್‌ಗೆ ಬೇರೆ ವಿಳಾಸ ಕೊಡಬಹುದಿತ್ತು. ಆದರೆ ಪ್ರತಿ ಕಂಪ್ಯೂಟರಿನಲ್ಲೂ ಪ್ರಿಂಟರ್ ಪೋರ್ಟ್ (ಪ್ರಿಂಟ್ ಯಾವ ವಿಳಾಸಕ್ಕೆ ಹೋಗಬೇಕು ಎಂಬ ಸೆಟ್ಟಿಂಗ್) ಬದಲಿಸಬೇಕಾಗುತ್ತದೆ, ಅದು ಜಾಸ್ತಿ ಕೆಲಸ. ಅದಕ್ಕೇ ರೂಟರ್‌ನ ಡಿಎಚ್‌ಸಿಪಿ (ವಿಳಾಸ ಹಂಚುವ) ಸೆಟ್ಟಿಂಗ್‌ನಲ್ಲಿ ಕಾಪಿಯರ್‌ನ ಮ್ಯಾಕ್ ವಿಳಾಸ, ಅಂದರೆ ತಯಾರಕರೇ ಮಷಿನ್‌ಗೆ ಕೊಟ್ಟ ಗುರುತಿನ ಸಂಖ್ಯೆ ಹಾಕಿ, 50 ಅನ್ನು ಅದಕ್ಕೇ ಕಾಯ್ದಿರಿಸಿದೆ. ಕಾಪಿಯರ್‌ನಲ್ಲಿ ವಿಳಾಸವನ್ನು ರೂಟರ್‌ನಿಂದಲೇ ಪಡೆಯುವಂತೆ ಬದಲಿಸಿದೆ. ಫೋನಿನ ವೈಫೈ ಆಫ್ ಮಾಡಿ ಆನ್ ಮಾಡಿಸಿದಾಗ ಅದಕ್ಕೆ ಬೇರೆ ವಿಳಾಸ ಬಂತು.

ಕೊನೆಗೆ ಕೇಬಲ್ ಹಾಕಿ ಮೇನ್ ಸ್ವಿಚ್ಚಿನಿಂದಲೇ ಮಷಿನ್ ಆಫ್ ಮಾಡಿ ಆನ್ ಮಾಡಿದೆ. ಮುಂದಿನ ಪವರ್ ಬಟನ್ ಒತ್ತಿದರೆ ಎಷ್ಟೋ ಮಷಿನ್‌ಗಳು ನಿದ್ದೆಗೆ ಹೋಗುತ್ತವೆ ಅಷ್ಟೇ, ಪೂರ್ತಿ ಆಫ್ ಆಗುವುದಿಲ್ಲ. ಸಂದೇಶ ಹೋಯಿತು, ಕಾದಿದ್ದ ಪ್ರಿಂಟ್‌ಗಳೆಲ್ಲ ಸಾಲಾಗಿ ಹೊರಬಂದವು.