ಕ್ಯಾನ್ಸರ್ ಅಪಾಯ ತಗ್ಗಿಸುವ ಊಟ: ನಾರು ಹೆಚ್ಚಿಸುವುದು ಹೇಗೆ?

ಪರಿಚಿತರಲ್ಲಿ ಯಾರಿಗಾದರೂ ಕ್ಯಾನ್ಸರ್ ಎಂದು ತಿಳಿದ ವಾರವೇ ಮನೆಮಂದಿಯೆಲ್ಲ ಊಟ ಬದಲಿಸಲು ಹೊರಡುವುದನ್ನು ಹಲವು ಬಾರಿ ಕಂಡಿದ್ದೇನೆ. ದುಬಾರಿ ಪುಡಿ, ಮಾತ್ರೆ, ಬೆಳಗಿನ ಹಸಿರು ಜ್ಯೂಸ್ ಎಲ್ಲವೂ ಬರುತ್ತವೆ. ತಟ್ಟೆಯಲ್ಲಿನ ಊಟ ಮಾತ್ರ ಇದ್ದಂತೆಯೇ ಇರುತ್ತದೆ. ಯಾವ ಆಹಾರವೂ ಕ್ಯಾನ್ಸರ್ ಬಾರದೆಂಬ ಖಾತರಿ ಕೊಡುವುದಿಲ್ಲ. ಆದರೆ ದಿನನಿತ್ಯದ ಊಟ ಸರಿಯಿದ್ದರೆ ಕೆಲವು ಕ್ಯಾನ್ಸರ್‌ಗಳ, ಅದರಲ್ಲೂ ದೊಡ್ಡ ಕರುಳಿನ ಕ್ಯಾನ್ಸರ್‌ನ ಅಪಾಯ ತಗ್ಗುತ್ತದೆ.

ಮೊದಲು ಬಿಡಬೇಕಾದುದನ್ನು ಬಿಡಿ. ಸಾಸೇಜ್, ಬೇಕನ್, ಹ್ಯಾಮ್‌ನಂತಹ ಸಂಸ್ಕರಿತ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಸಾಕಷ್ಟು ಪುರಾವೆ ಇರುವವುಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ 50 ಗ್ರಾಂನಷ್ಟು ತಿಂದರೂ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ 18ರಷ್ಟು ಏರುತ್ತದೆ ಎಂಬುದು ಅದರ ಅಂದಾಜು. ಕುರಿ, ದನ, ಹಂದಿಯ ಮಾಂಸ ತಿನ್ನುವವರು ವಾರಕ್ಕೆ ಬೇಯಿಸಿದ ಲೆಕ್ಕದಲ್ಲಿ 500 ಗ್ರಾಂ ಮೀರಬಾರದು. ಮದ್ಯ ಪೂರ್ತಿ ಬೇಡ.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ, ನಾರು ಹೆಚ್ಚಿಸುವಾಗ. ವಯಸ್ಕರಿಗೆ ದಿನಕ್ಕೆ 30 ಗ್ರಾಂ ನಾರಿನ ಗುರಿ ಇರಲಿ. ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಒಡೆದು ಬ್ಯುಟಿರೇಟ್ ಎಂಬ ಆಮ್ಲ ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ಮಲವೂ ಕರುಳಿನಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇದಕ್ಕೆ ಕಾಳಿಗಿಂತ ಸುಲಭದ ದಾರಿ ಇನ್ನೊಂದಿಲ್ಲ. 200 ಗ್ರಾಂ ಬೆಂದ ಕಾಳು ತಿಂದರೆ ಸುಮಾರು 15 ಗ್ರಾಂ ನಾರು ಸಿಗುತ್ತದೆ, ಅಂದರೆ ದಿನದ ಅರ್ಧ ಪಾಲು. ಹಾಗೆಂದು ಮೊದಲ ದಿನವೇ ಅಷ್ಟು ತಿನ್ನಬೇಡಿ. ಹೊಟ್ಟೆ ಉಬ್ಬರಿಸಿ, ಇದು ನನಗೆ ಆಗಿಬರುವುದಿಲ್ಲ ಎಂದು ಬಿಟ್ಟವರೇ ಹೆಚ್ಚು. ಮೊದಲ ವಾರ ದಿನಕ್ಕೆ ಎರಡು ದೊಡ್ಡ ಚಮಚ ಸಾಕು. ಮರುವಾರ ನಾಲ್ಕು. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದು, ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಮೆತ್ತಗೆ ಬೇಯಿಸಿ. ನಾರು ಹೆಚ್ಚಿದಂತೆ ನೀರು ಕುಡಿಯುವುದೂ ಹೆಚ್ಚಬೇಕು, ಇಲ್ಲದಿದ್ದರೆ ಮಲಬದ್ಧತೆ ಕಾಡುತ್ತದೆ. ಕರುಳಿನ ಶಸ್ತ್ರಚಿಕಿತ್ಸೆ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಬ್ರೆಡ್ ಕೊಳ್ಳುವಾಗ ಕಂದು ಬಣ್ಣವನ್ನು ನಂಬಬೇಡಿ. ಪೊಟ್ಟಣ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆದಿರುತ್ತಾರೆ. ಮೊದಲ ಹೆಸರೇ ಮೈದಾ ಆಗಿದ್ದು, ಕೊನೆಯಲ್ಲೆಲ್ಲೋ ಕ್ಯಾರಮೆಲ್ ಬಣ್ಣ ಇದ್ದರೆ, ಅದು ಬಣ್ಣ ಬಳಿದ ಬಿಳಿ ಬ್ರೆಡ್ ಅಷ್ಟೇ. ಆಮೇಲೆ ಒಂದು ಭಾಗಾಕಾರ ಮಾಡಿ: ಕಾರ್ಬೋಹೈಡ್ರೇಟ್ 50 ಗ್ರಾಂ ಇದ್ದರೆ ನಾರು ಕನಿಷ್ಠ 5 ಗ್ರಾಂ ಇರಬೇಕು. ಇಲ್ಲವೇ? ಅಲ್ಲೇ ಇಟ್ಟು ಬನ್ನಿ.

ತರಕಾರಿ, ಹಣ್ಣು ಸೇರಿ ದಿನಕ್ಕೆ 400 ಗ್ರಾಂ ಆಗಲಿ. ಜ್ಯೂಸ್ ಲೆಕ್ಕಕ್ಕಿಲ್ಲ, ಸಿಪ್ಪೆ ಸಮೇತ ತಿಂದ ಒಂದು ಸೇಬಿನಲ್ಲಿ ಸುಮಾರು 4 ಗ್ರಾಂ ನಾರಿರುತ್ತದೆ, ಸೋಸಿದ ರಸದಲ್ಲಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಇದರ ಬದಲು ಮಾತ್ರೆ ನುಂಗುತ್ತೇನೆ ಎನ್ನುವವರಿಗೆ ಒಂದು ಮಾತು: ಫಿನ್ಲೆಂಡಿನಲ್ಲಿ ಧೂಮಪಾನಿಗಳಿಗೆ ವರ್ಷಗಟ್ಟಲೆ ಬೀಟಾ ಕ್ಯಾರೊಟಿನ್ (ಕ್ಯಾರೆಟ್‌ನಂತಹ ತರಕಾರಿಗಳಲ್ಲಿರುವ ಅಂಶ) ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂದಾಗ ಮಾತ್ರೆ ನುಂಗಿದವರಲ್ಲೇ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಾಗಿತ್ತು. ಕ್ಯಾನ್ಸರ್ ತಡೆಯುತ್ತದೆಂದು ಮಾರುವ ಯಾವ ಡಬ್ಬಿಗೂ ಹಣ ಸುರಿಯಬೇಡಿ.

ಇನ್ನು ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ. ಕುದಿಯುವ ಚಹಾವನ್ನು ಆರಲು ಬಿಡಿ; 65 ಡಿಗ್ರಿ ಸೆಲ್ಸಿಯಸ್ ಮೀರಿದ ಪೇಯಗಳು ಅನ್ನನಾಳಕ್ಕೆ ಒಳ್ಳೆಯದಲ್ಲ. ಆಹಾರದಲ್ಲಿ ಸುಟ್ಟು ಕರಕಲಾದ ಭಾಗವನ್ನು ಕೆರೆದು ತೆಗೆಯಿರಿ.

ಕಡಲೆಕಾಯಿ ಬೀಜ, ಮೆಕ್ಕೆಜೋಳವನ್ನು ತೇವ ತಾಗದ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬೂಷ್ಟು ಹಿಡಿದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕೆಟ್ಟ ಕಾಳುಗಳನ್ನು ಆರಿಸಿ ಉಳಿದದ್ದನ್ನು ಹುರಿದಿಡುವ ಅಭ್ಯಾಸ ಅನೇಕರಿಗಿದೆ. ದಯವಿಟ್ಟು ಹಾಗೆ ಮಾಡಬೇಡಿ, ಇಡೀ ಡಬ್ಬಿಯನ್ನೇ ಸುರಿದುಬಿಡಿ. ತಿನ್ನುವಾಗ ಒಂದು ಬೀಜ ಕಹಿಯೆನಿಸಿದರೆ ನುಂಗದೆ ಉಗುಳಿ.