ಶಹಾಬಾದ್ ಕಲ್ಲಿನ ಮೇಲೆ ಇನ್‌ಇಕ್ವಾಲಿಟಿ

ಪಿಯುಸಿ ಹುಡುಗರಿಗೆ ಬಳೆ ಕೊಟ್ಟು ಗಣಿತ ಕಲಿಸ್ತೀರಾ ಎಂದು ನಕ್ಕವರೇ ಈಗ ಬಳೆ ಯಾವ ಅಂಗಡಿಯವು ಎಂದು ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ನನ್ನದು ಒಂದೇ ರೂಮಿನ ಟ್ಯೂಷನ್. ಬಿಡಿ ಅಸಮತೆ (ಇನ್‌ಇಕ್ವಾಲಿಟಿ, ಅಂದರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಎನ್ನುವ ಲೆಕ್ಕ) ಕೊಟ್ಟರೆ ಎಲ್ಲರೂ ಬಿಡಿಸುತ್ತಾರೆ. ಎರಡು ಜೋಡಿಸಿದರೆ 'ಮತ್ತು', 'ಅಥವಾ' ಕಲಸುಮೇಲೋಗರ.

ಮೊದಲು ದುಡ್ಡು ಕಳೆದದ್ದು ಫ್ಲೆಕ್ಸಿನಲ್ಲಿ. −20ರಿಂದ 20ರವರೆಗೆ ಸಂಖ್ಯಾರೇಖೆ, ಸುಮಾರು 900 ರೂಪಾಯಿ. ಮಾರ್ಕರ್ ಒರೆಸಿದರೂ ಹೋಗಲಿಲ್ಲ, ಮೂರನೇ ಲೆಕ್ಕಕ್ಕೇ ಹೋಳಿ ಹುಣ್ಣಿಮೆ. ಈಗ ಅದು ನೀರಿನ ಟ್ಯಾಂಕಿಗೆ ನೆರಳು. ಆಮೇಲೆ ಮಾಳಿಗೆ ಮೇಲೆ ಸುಣ್ಣದ ಗೆರೆ ಎಳೆದೆ. ಏಪ್ರಿಲ್ ತಿಂಗಳು, ನಮ್ಮೂರ ಬಿಸಿಲು, ಬರಿಗಾಲು. ಮುಂದಿನದು ಹೇಳಬೇಕಿಲ್ಲ ಅಲ್ವಾ?

ಉಪಾಯ ಕಾಲ ಕೆಳಗೇ ಇತ್ತು. ರೂಮಿಗೆ ಹಾಸಿದ್ದು ಶಹಾಬಾದ್ ಕಲ್ಲು. ಒಂದೊಂದು ಸಂದೂ ಒಂದೊಂದು ಪೂರ್ಣಾಂಕ. ಉತ್ತರಕ್ಕೆ ಸೇರದ ತುದಿಗೆ ಬಳೆ, ಸೇರುವ ತುದಿಗೆ ಸೋಡಾ ಮುಚ್ಚಳ. ಒಂದು ಷರತ್ತಿಗೆ ಕೆಂಪು ರಿಬ್ಬನ್, ಇನ್ನೊಂದಕ್ಕೆ ಹಳದಿ. 'ಮತ್ತು' ಎಂದರೆ ಎರಡೂ ಬಣ್ಣ ಇರುವಲ್ಲಿ ಮಾತ್ರ ನಿಲ್ಲಬೇಕು. 'ಅಥವಾ' ಎಂದರೆ ಒಂದಿದ್ದರೂ ಸಾಕು. ಖರ್ಚು 150 ದಾಟಿಲ್ಲ, ಮುಚ್ಚಳ ಪುಕ್ಕಟೆ. ಗೋಡೆ ಪಕ್ಕದ ಕಲ್ಲು ಅರ್ಧಕ್ಕೆ ಕತ್ತರಿಸಿದ್ದು. ನಾನು 7 ಎಂದೆ. ಒಬ್ಬಳು "ಸರ್, ಇದು ಆರೂವರೆ" ಎಂದಳು. ಅವಳದೇ ಸರಿ.

ಜಾಸ್ತಿ ಕಾಡಿದ್ದು ಇಂಥದ್ದು: −3 < 5 − 2ಎಕ್ಸ್ ≤ 9. 5 ಕಳೆದರೆ −8 < −2ಎಕ್ಸ್ ≤ 4. −2ರಿಂದ ಭಾಗಿಸುವಾಗ ಎರಡೂ ಚಿಹ್ನೆ ತಿರುಗಬೇಕು, ಅರ್ಧ ಕ್ಲಾಸು ಒಂದನ್ನೇ ತಿರುಗಿಸಿ ಸುಮ್ನೆ ಕೂರುತ್ತಿತ್ತು. ಈಗ ಬಂದ ಉತ್ತರದ ಮೇಲೆ ಹೋಗಿ ನಿಂತು ಮೂಲ ಲೆಕ್ಕಕ್ಕೆ ಹಾಕಿ ನೋಡಬೇಕು. 4ರ ಮೇಲೆ ನಿಂತವನಿಗೆ −3 < −3 ಬರುತ್ತದೆ, ಸುಳ್ಳು, ಅಲ್ಲಿ ಬಳೆ. −2ರಲ್ಲಿ 9 ≤ 9, ಮುಚ್ಚಳ. ಉತ್ತರ −2 ≤ ಎಕ್ಸ್ < 4. ಚಿಹ್ನೆ ಮರೆಯದಿರಲು ಇನ್ನೊಂದು ಗುಟ್ಟಿದೆ, ಅದು ನನ್ನ ಬ್ಯಾಚಿಗೆ ಮಾತ್ರ.

30 ಜನರಲ್ಲಿ ಮೊದಲು ಏಳೆಂಟು ಜನ ಸರಿ ಮಾಡುತ್ತಿದ್ದರು. ಹೋದ ಟೆಸ್ಟಿನಲ್ಲಿ 22 ಇರಬೇಕು, ಒಂದು ಹೆಚ್ಚೋ ಕಮ್ಮಿಯೋ.

ಮಾಡ್ಯುಲಸ್ಸಿಗೂ (ಎರಡು ಗೆರೆ ನಡುವೆ ಬರೆಯುವುದು, ಅಂದರೆ ಎಡ-ಬಲ ನೋಡದೆ ಬರೀ ದೂರ) ಇದನ್ನೇ ಹಚ್ಚಿ ನೋಡಿದೆ. |ಎಕ್ಸ್ − 3| < 5 ಇದ್ದರೆ 3ರ ಸಂದಿನಲ್ಲಿ ಒಬ್ಬನನ್ನು ಕೂರಿಸಿ, ಕೈಗೆ ಐದು ಕಲ್ಲಿನಷ್ಟು ದಾರ. ಎಡಕ್ಕೆ −2, ಬಲಕ್ಕೆ 8, ನಡುವೆಲ್ಲ ಅವನದೇ. ಚಿಹ್ನೆ > ಆದರೆ ದಾರದ ಆಚೆಯದು, ಅಂದರೆ 'ಅಥವಾ'. ನನ್ನ ರೂಮಿನಲ್ಲಿ 8 ಬರುವುದು ಬಾಗಿಲಾಚೆ, ಚಪ್ಪಲಿ ಬಿಡುವಲ್ಲಿ.

ಈಗ ಮನೆ ಮಾಲೀಕರು ಟೈಲ್ಸ್ ಹಾಕಿಸುತ್ತೇನೆ ಎನ್ನುತ್ತಿದ್ದಾರೆ. ಬಾಡಿಗೆ ಬೇಕಾದರೆ 500 ಏರಿಸಿ, ಕಲ್ಲು ಮಾತ್ರ ಕೀಳಬೇಡಿ ಎಂದು ಬಂದಿದ್ದೇನೆ.